ಉಸಿರಾಡುವ ಟಿವಿ: ರಬ್ಬರ್ ಹಾಳೆ, ಕಾಲು ಪಂಪು, ಪ್ರೊಜೆಕ್ಟರ್ ಇಟ್ಟುಕೊಂಡು ಪರದೆ ಉಬ್ಬಿಸುವ ವಿಧಾನ

ಡೇವಿಡ್ ಕ್ರೋನೆನ್‌ಬರ್ಗ್ ಟೊರೊಂಟೊದಲ್ಲಿ ತೆಗೆದ, 1983ರಲ್ಲಿ ತೆರೆಕಂಡ 'ವಿಡಿಯೋಡ್ರೋಮ್' ಚಿತ್ರದಲ್ಲಿ ಒಂದು ದೃಶ್ಯ ಬರುತ್ತದೆ. ಚಿಕ್ಕದೊಂದು ಚಾನೆಲ್ ನಡೆಸುವ ಮ್ಯಾಕ್ಸ್ ರೆನ್ ಮನೆಯ ಟಿವಿ ಮುಂದೆ ಇದ್ದಾನೆ. ಪರದೆಯ ತುಂಬ ಹೆಣ್ಣಿನ ತುಟಿ. ಗಾಜಿನ ಹಾಗೆ ಬಿಗಿಯಾಗಿರಬೇಕಾದ ಪರದೆ ಹೊಟ್ಟೆಯಂತೆ ಉಬ್ಬಿ ಅವನತ್ತ ಬರುತ್ತದೆ. ಅವನು ಮುಖವನ್ನೇ ಅದರೊಳಗೆ ಹುದುಗಿಸುತ್ತಾನೆ. ಟಿವಿ ನೋಡುವವನನ್ನು ಟಿವಿಯೇ ನುಂಗುವ ಕಥೆಗಳು ಎಷ್ಟೋ ಬಂದಿವೆ, ಆದರೆ ಆ ಮಾತನ್ನು ಇಷ್ಟು ಮೈಗೆ ತಾಗುವಂತೆ ಹೇಳಿದ ಶಾಟ್ ಇನ್ನೊಂದು ಸಿಗುವುದು ಕಷ್ಟ.

ಅಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲ. ಹಲ್ಲಿನ ಡಾಕ್ಟರು ಚಿಕಿತ್ಸೆ ಮಾಡುವಾಗ ಬಾಯಿಗೆ ಹೊದಿಸುವ ಡೆಂಟಲ್ ಡ್ಯಾಮ್ ಎಂಬ ತೆಳು ರಬ್ಬರ್ ಹಾಳೆ, ಅದರ ಮೇಲೆ ಹಿಂದಿನಿಂದ ಬೀಳುವ ವಿಡಿಯೋ ಪ್ರೊಜೆಕ್ಟರ್ ಬೆಳಕು, ಅಷ್ಟೆ. ಉಸಿರಾಟಕ್ಕೆ ಚಿತ್ರದ ಎಫೆಕ್ಟ್ಸ್ ತಂಡದ ಫ್ರಾಂಕ್ ಕರೇರೆ ಒಂದು ಏರ್ ಕಂಪ್ರೆಸರ್‌ನ ವಾಲ್ವ್‌ಗಳನ್ನು ಪಿಯಾನೋ ಕೀಬೋರ್ಡಿಗೆ ಜೋಡಿಸಿಕೊಂಡು ತಾವೇ ನುಡಿಸುತ್ತಿದ್ದರು. ಗಾಳಿಯನ್ನು ವಾದ್ಯದ ಹಾಗೆ ನುಡಿಸಿದ್ದರಿಂದಲೇ ಆ ಟಿವಿ ಮೋಟಾರಿನಂತೆ ಏರಿಳಿಯದೆ ಜೀವ ಇರುವಂತೆ ಉಸಿರಾಡುತ್ತದೆ.

ಇದೇ ಕೆಲಸವನ್ನು ಕಿರುಚಿತ್ರದ ಬಜೆಟ್ಟಿನಲ್ಲಿ ಮಾಡುವ ವಿಧಾನ ಮುಂದಿದೆ. ಒಂದು ಮಾತನ್ನು ಮೊದಲಿನಿಂದ ಕೊನೆಯವರೆಗೂ ಬಿಡಬೇಡಿ: ಉಬ್ಬುವ ಮೈ ಮತ್ತು ಹೊಳೆಯುವ ಚಿತ್ರ ಎರಡೂ ಒಂದೇ ಹಾಳೆ ಆಗಿರಬೇಕು. ಹಸಿರು ಪರದೆ ಇಟ್ಟು ಶೂಟ್ ಮಾಡಿ, ಆಮೇಲೆ ಎಡಿಟಿಂಗ್‌ನಲ್ಲಿ ಚಿತ್ರ ಅಂಟಿಸಿದರೆ ಪರದೆ ಉಬ್ಬಿದಂತೆ ಕಾಣುತ್ತದೆ, ಆದರೆ ಆ ಉಬ್ಬಿನ ಬೆಳಕು ನಟನ ಮೂಗಿನ ಮೇಲೆ ಬೀಳುವುದಿಲ್ಲ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಭಯ ಹುಟ್ಟುವುದಿಲ್ಲ.

ಎರಡು ಟಿವಿ ಬೇಕು

ಒಂದೇ ಮಾದರಿಯ, 21 ಇಂಚಿನ ಹಳೆ ಪಿಕ್ಚರ್ ಟ್ಯೂಬ್ ಟಿವಿ ಎರಡು ಹುಡುಕಿ. ಒಂದು ಚಾಲೂ ಇರಬೇಕು, ಅದು ದೂರದ ಶಾಟ್‌ಗಳಿಗೆ. ಇನ್ನೊಂದು ಕೆಟ್ಟಿದ್ದರೂ ಸರಿ, ಅದರ ಕ್ಯಾಬಿನೆಟ್ ಮಾತ್ರ ಬೇಕು. ಗುಜರಿ ಅಂಗಡಿಗಿಂತ ಊರಿನ ಹಳೆ ಟಿವಿ ರಿಪೇರಿಯವರ ಅಟ್ಟದಲ್ಲಿ ಜೋಡಿ ಸಿಗುವ ಸಾಧ್ಯತೆ ಹೆಚ್ಚು.

ಎರಡನೆಯದನ್ನು ನೀವಾಗಿ ಬಿಚ್ಚಬೇಡಿ. ಈ ಬರಹದಲ್ಲಿ ಅತಿ ಮುಖ್ಯವಾದ ಸಾಲು ಇದೇ. ಕಲರ್ ಪಿಕ್ಚರ್ ಟ್ಯೂಬಿಗೆ ಎಲ್‌ಒಟಿ ಎಂಬ ಟ್ರಾನ್ಸ್‌ಫಾರ್ಮರಿನಿಂದ ಹೋಗುವ ಇಎಚ್‌ಟಿ, ಅಂದರೆ ಅತಿ ಹೆಚ್ಚಿನ ವೋಲ್ಟೇಜು, ಸುಮಾರು 20ರಿಂದ 25 ಸಾವಿರ ವೋಲ್ಟ್ ಇರುತ್ತದೆ. ಟ್ಯೂಬಿನ ಗಾಜೇ ಒಂದು ದೊಡ್ಡ ಕೆಪಾಸಿಟರ್. ಪ್ಲಗ್ ಕಿತ್ತ ಎಷ್ಟೋ ಹೊತ್ತಿನ ಮೇಲೂ, ಕೆಲವೊಮ್ಮೆ ದಿನಗಟ್ಟಲೆ, ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಅನುಭವಿ ಮೆಕ್ಯಾನಿಕ್ ಟ್ಯೂಬಿನ ಹೊರಮೈಗೆ ಸುತ್ತಿರುವ ಅರ್ಥ್ ತಂತಿಗೆ ವೈರ್ ಕಟ್ಟಿದ ಸ್ಕ್ರೂಡ್ರೈವರನ್ನು ಇಎಚ್‌ಟಿ ಕ್ಯಾಪಿನ ಕೆಳಗೆ ತೂರಿಸಿ ಡಿಸ್‌ಚಾರ್ಜ್ ಮಾಡುತ್ತಾರೆ, ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡುತ್ತಾರೆ. ಗಾಜಿನಲ್ಲಿ ಅಡಗಿದ ಚಾರ್ಜ್ ಮೆಲ್ಲಗೆ ವಾಪಸ್ ಬರುವುದರಿಂದ ಆ ಎರಡನೇ ಸಲ ಬೇಕೇ ಬೇಕು. ಇನ್ನೊಂದು ಅಪಾಯ, ಒಳಗೆ ನಿರ್ವಾತ ಇರುವುದು. ಹಿಂದಿನ ಸಣ್ಣ ಕುತ್ತಿಗೆಗೆ ಪೆಟ್ಟು ಬಿದ್ದರೆ ಗಾಜು ಒಳಕ್ಕೆ ಕುಸಿದು ಚೂರು ಸಿಡಿಯುತ್ತದೆ. ಆದ್ದರಿಂದ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು ಟ್ಯೂಬು, ಬೋರ್ಡು ಎಲ್ಲ ತೆಗೆಸಿ, ಖಾಲಿ ಕ್ಯಾಬಿನೆಟ್ ಮಾತ್ರ ಮನೆಗೆ ತನ್ನಿ. ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ, ಅದು ಇ-ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತ ಕೇಂದ್ರಕ್ಕೇ ಹೋಗಬೇಕು, ತಿಪ್ಪೆಗಲ್ಲ.

ಚಾಲೂ ಟಿವಿಯನ್ನು ಶೂಟ್ ಮಾಡುವಾಗ

ನಮ್ಮ ಟಿವಿಗಳು ಪಾಲ್ ಪದ್ಧತಿಯವು: 625 ಗೆರೆ, ಸೆಕೆಂಡಿಗೆ 25 ಫ್ರೇಮ್, ಅಂದರೆ 50 ಫೀಲ್ಡ್. ಕ್ಯಾಮೆರಾ 24 ಅಥವಾ 30 ಫ್ರೇಮ್‌ನಲ್ಲಿ ಓಡಿದರೆ ಪರದೆಯ ಮೇಲೆ ಕಪ್ಪು ಪಟ್ಟಿ ಮೇಲಕ್ಕೋ ಕೆಳಕ್ಕೋ ಉರುಳುತ್ತಿರುತ್ತದೆ. 25 ಫ್ರೇಮ್, ಶಟರ್ 1/50 ಇಟ್ಟರೆ ಪಟ್ಟಿ ಹೋಗುತ್ತದೆ, ಅಥವಾ ಕೂದಲೆಳೆಯಷ್ಟು ಗೆರೆಯಾಗಿ ಉಳಿಯುತ್ತದೆ. ಕ್ಯಾಮೆರಾದಲ್ಲಿ ಶಟರನ್ನು ಸೂಕ್ಷ್ಮವಾಗಿ ಹೊಂದಿಸುವ ಕ್ಲಿಯರ್ ಸ್ಕ್ಯಾನ್ ಇದ್ದರೆ 50ರ ಆಚೀಚೆ ದಶಾಂಶದಲ್ಲಿ ತಿರುಗಿಸಿ ಅದನ್ನೂ ಅಳಿಸಬಹುದು. ಮೊಬೈಲಿನಲ್ಲಿ ಶೂಟ್ ಮಾಡುವವರು ಫ್ರೇಮ್, ಶಟರ್ ಎರಡನ್ನೂ ಲಾಕ್ ಮಾಡುವ ಆಪ್ ಬಳಸಲೇಬೇಕು. ಆಟೋದಲ್ಲಿ ಬಿಟ್ಟರೆ ಕತ್ತಲ ಕೋಣೆಯಲ್ಲಿ ಹೊಳೆಯುವ ಪರದೆ ಕಂಡ ತಕ್ಷಣ ಮೊಬೈಲ್ ಶಟರ್ ವೇಗ ಏರಿಸಿಬಿಡುತ್ತದೆ, ಅರ್ಧ ಪರದೆ ಕಪ್ಪಾಗುತ್ತದೆ.

ಚಿತ್ರ ಕಳಿಸಲು ಎಚ್‌ಡಿಎಂಐನಿಂದ ಎವಿಗೆ ಬದಲಿಸುವ ಪುಟ್ಟ ಡಬ್ಬಿ ಸಿಗುತ್ತದೆ. ಅದರ ಬದಿಯ ಸ್ವಿಚ್ ಪಾಲ್ ಕಡೆಗೆ ಇದೆಯೇ ನೋಡಿಕೊಳ್ಳಿ. ಎನ್‌ಟಿಎಸ್‌ಸಿ ಕಡೆಗಿದ್ದರೆ ಚಿತ್ರ ಕಪ್ಪು-ಬಿಳುಪಾಗಬಹುದು, ಇಲ್ಲವೇ ಬಣ್ಣ ಸರಿ ಇದ್ದೂ ಪಟ್ಟಿ ಉರುಳಬಹುದು. ವಿಡಿಯೋವನ್ನು 4:3 ಅಳತೆಯಲ್ಲಿ ತಯಾರಿಸಿ. ಹಳೆ ಟಿವಿ ನಾಲ್ಕೂ ಅಂಚನ್ನು ಸ್ವಲ್ಪ ತಿನ್ನುತ್ತದೆ, ಹಾಗಾಗಿ ತುಟಿ, ಕಣ್ಣು ಏನೇ ಇದ್ದರೂ ಅಂಚಿನಿಂದ ಹತ್ತರಲ್ಲಿ ಒಂದು ಭಾಗ ಒಳಗಿರಲಿ.

ಚಾನೆಲ್ ಇಲ್ಲದಾಗ ಬರುವ ಗ್ರೇನ್ಸ್ ಬೇಕಿದ್ದರೆ ಆಂಟೆನಾ ಕಿತ್ತು ಖಾಲಿ ಚಾನೆಲ್ ಹಾಕಿದರೆ ಸಾಕು. ಕೆಲವು ಟಿವಿ ಗ್ರೇನ್ಸ್ ಬದಲು ನೀಲಿ ಪರದೆ ತೋರಿಸುತ್ತವೆ. ಮೆನುವಿನಲ್ಲಿ ಬ್ಲೂ ಬ್ಯಾಕ್ ಎಂಬುದನ್ನು ಆಫ್ ಮಾಡಿ. ಎಡಿಟಿಂಗ್‌ನಲ್ಲಿ ಸಿಗುವ ರೆಡಿಮೇಡ್ ಗ್ರೇನ್ಸ್ ಬೇಡ. ಅದು ಕೆಲವು ಸೆಕೆಂಡಿಗೊಮ್ಮೆ ಸುತ್ತಿ ಬರುತ್ತದೆ, ಕಣ್ಣು ಅದನ್ನು ಹಿಡಿದುಬಿಡುತ್ತದೆ.

ಟಿವಿಯ ಬಿಳಿ, ಬಲ್ಬಿನ ಬಿಳಿಗಿಂತ ತುಂಬ ನೀಲಿ. ಕೋಣೆಯ ಹಳದಿ ಬಲ್ಬಿಗೆ ಹೊಂದಿಸಿ ಕ್ಯಾಮೆರಾವನ್ನು 3200 ಕೆಲ್ವಿನ್‌ನಲ್ಲಿ ಇಟ್ಟರೆ ಟಿವಿ ಕಡು ನೀಲಿಯಾಗುತ್ತದೆ. 4300ರ ಸುತ್ತ ಇಟ್ಟರೆ ಬಲ್ಬು ಬೆಚ್ಚಗೆ, ಟಿವಿ ತಣ್ಣಗೆ ಕಾಣುತ್ತದೆ. ಈ ಕಥೆಗೆ ಅದೇ ಸರಿ. ಟಿವಿಯ ಕಾಂಟ್ರಾಸ್ಟ್ ಅರ್ಧಕ್ಕೆ ಇಳಿಸಿ, ಇಲ್ಲದಿದ್ದರೆ ಬಿಳಿ ಭಾಗ ಹರಡಿಕೊಂಡು ಗೆರೆಗಳು ಮಾಯವಾಗುತ್ತವೆ.

ಉಬ್ಬುವ ಪರದೆ

ಈಗ ಮುಖ್ಯ ಕೆಲಸ. ಡೆಂಟಲ್ ಡ್ಯಾಮ್ ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸಿಗುವುದು ಅಂಗೈಗಿಂತ ತುಸು ದೊಡ್ಡ ಚೌಕದಲ್ಲಿ, ಪರದೆಗೆ ಸಾಲದು. ಬೇಕಾದದ್ದು 0.3 ಮಿ.ಮೀ ಆಸುಪಾಸಿನ, ಬಣ್ಣ ಹಾಕದ ನೈಸರ್ಗಿಕ ಲ್ಯಾಟೆಕ್ಸ್ ಹಾಳೆ, ಕನಿಷ್ಠ 60×50 ಸೆಂ.ಮೀ. ಬೆಳಕಿಗೆ ಹಿಡಿದರೆ ಹಾಲು ಬೆರೆಸಿದ ನೀರಿನಂತೆ ಕಾಣಬೇಕು. ಆ ಮಬ್ಬೇ ಪ್ರೊಜೆಕ್ಟರ್ ಚಿತ್ರವನ್ನು ಹಿಡಿಯುವುದು. ಮೂರು ಹಾಳೆ ತನ್ನಿ, ಒಂದಂತೂ ಹರಿಯುತ್ತದೆ. ನಟರಿಗೆ, ತಂಡದವರಿಗೆ ಲ್ಯಾಟೆಕ್ಸ್ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಿ. ಇದ್ದರೆ ತೆಳು ಸಿಲಿಕೋನ್ ಹಾಳೆ ಬಳಸಬೇಕು.

21 ಇಂಚಿನ ಟಿವಿಯ ಕಾಣುವ ಪರದೆ ಹೆಚ್ಚು ಕಡಿಮೆ 40×30 ಸೆಂ.ಮೀ. ಬಡಗಿಯಿಂದ 12 ಮಿ.ಮೀ ಪ್ಲೈವುಡ್‌ನಲ್ಲಿ ಎರಡು ಚೌಕಟ್ಟು ಮಾಡಿಸಿ: ಹೊರ ಅಳತೆ 50×40, ನಡುವಿನ ಕಿಂಡಿ 40×30. ಕ್ಯಾಬಿನೆಟ್ ಒಳಗೆ ಇದು ಕೂರುತ್ತದೆಯೇ ಎಂದು ಮೊದಲೇ ಅಳೆಯಿರಿ. ಕಿಂಡಿಯ ಮೂಲೆಗಳು 3 ಸೆಂ.ಮೀ ತ್ರಿಜ್ಯದಲ್ಲಿ ದುಂಡಗಿರಲಿ, ಅಂಚನ್ನು 220 ನಂಬರ್ ಉಜ್ಜುಕಾಗದದಿಂದ ಬೆರಳಿಗೆ ನುಣ್ಣಗಾಗುವವರೆಗೆ ಉಜ್ಜಿ. ಲ್ಯಾಟೆಕ್ಸ್ ನಡುವೆ ಹರಿಯುವುದು ಅಪರೂಪ, ಅಂಚಿನ ಒಂದು ಸಣ್ಣ ಸಿಬಿರಿನಿಂದ ಶುರುವಾಗಿ ಕ್ಷಣದಲ್ಲಿ ಪೂರ್ತಿ ಸೀಳುತ್ತದೆ. ಇದೇ ಕಾರಣಕ್ಕೆ ಸ್ಟೇಪ್ಲರ್ ಪಿನ್ನು, ಮೊಳೆ ಬೇಡವೇ ಬೇಡ. ಎರಡೂ ಚೌಕಟ್ಟಿಗೆ ಬಾಗಿಲ ಸಂದಿಗೆ ಅಂಟಿಸುವ ಫೋಮ್ ಟೇಪ್ ಹಚ್ಚಿ, ಹಾಳೆಯನ್ನು ನಡುವೆ ಇಟ್ಟು, 5 ಸೆಂ.ಮೀಗೆ ಒಂದರಂತೆ ವಾಷರ್ ಹಾಕಿದ 4 ಮಿ.ಮೀ ಬೋಲ್ಟುಗಳಿಂದ ಬಿಗಿಯಿರಿ. ಸುತ್ತಲೂ 32 ಬೋಲ್ಟು ಆಗುತ್ತದೆ. ಬೋಲ್ಟಿನ ತೂತನ್ನು ಹಾಳೆಯಲ್ಲಿ ಕೊರೆಯದೆ, ಹಾಳೆ ಬೋಲ್ಟಿನ ಸಾಲಿನ ಒಳಗೇ ಮುಗಿಯುವಂತೆ ಬೋಲ್ಟು ಹಾಕುವ ಮೊದಲೇ ಕತ್ತರಿಸಿ. ಬೋಲ್ಟುಗಳನ್ನು ಎದುರು-ಬದುರಾಗಿ ತಿರುಗಿಸುತ್ತ ಹೋಗಿ. ಒಂದೇ ಕಡೆಯಿಂದ ಸಾಲಾಗಿ ಬಿಗಿದರೆ ಮೂಲೆಯಲ್ಲಿ ನೆರಿಗೆ ಬೀಳುತ್ತದೆ.

ಎಷ್ಟು ಎಳೆದು ಕಟ್ಟಬೇಕು? ಸಡಿಲ ಹಾಳೆಯ ಮೇಲೆ 36×27 ಸೆಂ.ಮೀ ಚೌಕ ಬರೆದುಕೊಳ್ಳಿ. ಅದು ಸರಿಯಾಗಿ 40×30 ಕಿಂಡಿಗೆ ಕೂರುವಷ್ಟು ಎಳೆದರೆ ಸಾಕು. ಇದಕ್ಕಿಂತ ಸಡಿಲವಾದರೆ ಗಾಳಿ ಇಲ್ಲದಾಗ ಪರದೆ ಜೋಲುತ್ತದೆ. ಬಿಗಿಯಾದರೆ ಡೋಲಿನ ಚರ್ಮದಂತೆ ನಡುಗುತ್ತದೆ, ಉಬ್ಬುವುದಿಲ್ಲ.

ಚೌಕಟ್ಟಿನ ಹಿಂದೆ 15 ಸೆಂ.ಮೀ ಆಳದ ಪ್ಲೈವುಡ್ ಡಬ್ಬಿ ಬರಬೇಕು. ಒಳಗೆಲ್ಲ ಹೊಳಪಿಲ್ಲದ ಕಪ್ಪು ಬಣ್ಣ, ಹಿಂಬದಿಗೆ 6 ಮಿ.ಮೀ ಪಾರದರ್ಶಕ ಅಕ್ರಿಲಿಕ್. ಸಂದಿಗೆಲ್ಲ ಸಿಲಿಕೋನ್ ಸೀಲೆಂಟ್ ಹಚ್ಚಿ ಒಂದು ದಿನ ಒಣಗಲು ಬಿಡಿ, ಹಾಳೆ ಕಟ್ಟುವುದು ಆಮೇಲೆ. ಡಬ್ಬಿಯ ಕೆಳಭಾಗದಲ್ಲಿ ಮೂರು ತೂತು: ಪಂಪಿನ ಪೈಪಿಗೆ ಒಂದು, ಗಾಳಿ ಹೊರಹೋಗಲು 20 ಮಿ.ಮೀನ ಇನ್ನೊಂದು, ಒತ್ತಡ ನೋಡುವ ಸಣ್ಣ ಪೈಪಿಗೆ ಮತ್ತೊಂದು.

ಗಾಳಿ

40×30 ಪರದೆ ನಡುವೆ 10 ಸೆಂ.ಮೀ ಉಬ್ಬಬೇಕಾದರೆ ಸುಮಾರು 6 ಲೀಟರ್ ಗಾಳಿ ಬೇಕು. ಒತ್ತಡ ಮಾತ್ರ ಬಹಳ ಕಡಿಮೆ. ಟೈರಿಗೆ ಗಾಳಿ ಹಾಕುವ ಕಂಪ್ರೆಸರನ್ನು ನೇರವಾಗಿ ಜೋಡಿಸಿದರೆ ಹಾಳೆ ಸಿಡಿಯುತ್ತದೆ, ಅಕ್ರಿಲಿಕ್ ಹಾರುತ್ತದೆ. ಗಾಳಿ ಹಾಸಿಗೆ ತುಂಬುವ ಕಾಲು ಪಂಪು ಇದಕ್ಕೆ ಹೇಳಿ ಮಾಡಿಸಿದಂತಿದೆ. ದೊಡ್ಡ ಗಾತ್ರದ್ದಾದರೆ ಎರಡು ತುಳಿತಕ್ಕೆ ಪರದೆ ತುಂಬುತ್ತದೆ.

ಒತ್ತಡ ಅಳೆಯಲು ಪಾರದರ್ಶಕ ಪೈಪನ್ನು 'ಯು' ಆಕಾರದಲ್ಲಿ ಬಗ್ಗಿಸಿ, ಅರ್ಧ ನೀರು ತುಂಬಿ ಸ್ಕೇಲಿಗೆ ಅಂಟಿಸಿ, ಒಂದು ತುದಿಯನ್ನು ಡಬ್ಬಿಗೆ ಸಿಕ್ಕಿಸಿ. ಎರಡು ಕಡೆಯ ನೀರಿನ ಎತ್ತರದ ವ್ಯತ್ಯಾಸ 8 ಸೆಂ.ಮೀ ಸುತ್ತ ಬಂದಾಗ ಮೇಲೆ ಹೇಳಿದಷ್ಟು ಉಬ್ಬು ಬರುತ್ತದೆ. 8 ಸೆಂ.ಮೀ ಅಂದರೆ ಏನೂ ಅಲ್ಲ ಎನಿಸಬಹುದು. ಅಷ್ಟಕ್ಕೇ ಅಕ್ರಿಲಿಕ್ ಮೇಲೆ ಒಟ್ಟು 10 ಕೆಜಿಯ ಹತ್ತಿರ ಭಾರ ಬೀಳುತ್ತದೆ. 12 ಸೆಂ.ಮೀ ಹತ್ತಿರ ಕೆಂಪು ಗೆರೆ ಎಳೆದು, ಅದನ್ನು ದಾಟಬೇಡಿ.

ಉಸಿರು ಬರುವುದು ಕೈಯಿಂದ. ಪಂಪಿಗೆ ಒಂದೇ ಕಡೆಯ ವಾಲ್ವ್ ಇರುವುದರಿಂದ ಅದು ಗಾಳಿಯನ್ನು ವಾಪಸ್ ಎಳೆಯುವುದಿಲ್ಲ. ಕಾಲು ತುಂಬುತ್ತದೆ, 20 ಮಿ.ಮೀ ತೂತಿನ ಮೇಲಿಟ್ಟ ಅಂಗೈ ಬಿಡುತ್ತದೆ. ರಬ್ಬರ್ ತಾನೇ ಗಾಳಿಯನ್ನು ಹೊರಗೆ ನೂಕುತ್ತದೆ. ಎರಡು ಸೆಕೆಂಡು ತುಂಬಿ, ಅರ್ಧ ಸೆಕೆಂಡು ಹಿಡಿದು, ಮೂರು ಸೆಕೆಂಡಿನಲ್ಲಿ ಬಿಡಿ. ನಿಮಿಷಕ್ಕೆ ಸುಮಾರು ಹನ್ನೊಂದು ಉಸಿರಾಯಿತು, ನೆಮ್ಮದಿಯಿಂದ ಕೂತ ಮನುಷ್ಯನಿಗಿಂತ ತುಸು ನಿಧಾನ. ಬಿಡುವಾಗ ಅಂಗೈಯನ್ನು ಒಮ್ಮೆಲೇ ಎತ್ತದೆ ಒಂದೊಂದೇ ಬೆರಳು ಸರಿಸಿ. ಒಮ್ಮೆಲೇ ಎತ್ತಿದರೆ ಪರದೆ ಪಟ್ಟನೆ ಹಿಂದೆ ಹೊಡೆದುಕೊಂಡು ಅಲುಗುತ್ತದೆ, ಬಲೂನು ಎಂಬುದು ಬಯಲಾಗುತ್ತದೆ. ಪಂಪು ತುಳಿಯುವವರು ಮಾನಿಟರ್‌ನಲ್ಲಿ ನಟನ ಎದೆ ನೋಡುತ್ತ ತುಳಿಯಲಿ. ನಟ ಉಸಿರು ಎಳೆದಾಗ ಟಿವಿ ಬಿಡಬೇಕು, ಅವನು ಬಿಟ್ಟಾಗ ಟಿವಿ ಎಳೆಯಬೇಕು. ಅವನ ಉಸಿರನ್ನು ಅದು ಕುಡಿಯುತ್ತಿರುವಂತೆ ಕಾಣುವುದು ಇದರಿಂದಲೇ. ಒಂದು ಸಂಜೆ ಪೂರ್ತಿ ಇದಕ್ಕೇ ಅಭ್ಯಾಸ ಮಾಡಿ.

ಪ್ರೊಜೆಕ್ಟರ್

ಡಿಎಲ್‌ಪಿ ಬೇಡ, ಎಲ್‌ಸಿಡಿ ಪ್ರೊಜೆಕ್ಟರ್ ಬಾಡಿಗೆಗೆ ತನ್ನಿ. ಡಿಎಲ್‌ಪಿಯ ಬಣ್ಣದ ಚಕ್ರ ಕ್ಯಾಮೆರಾದಲ್ಲಿ ಕಾಮನಬಿಲ್ಲಿನ ಪಟ್ಟಿಯಾಗಿ ಕಾಣುತ್ತದೆ. ಲ್ಯಾಪ್‌ಟಾಪಿನ ಔಟ್‌ಪುಟ್ 50 ಹರ್ಟ್ಸ್‌ಗೆ ಇಡಿ. ಮೆನುವಿನಲ್ಲಿ ರಿಯರ್ ಪ್ರೊಜೆಕ್ಷನ್ ಆರಿಸಿದರೆ ಚಿತ್ರ ಎಡಬಲ ತಿರುಗುತ್ತದೆ. ಮರೆತರೆ ಪರದೆಯ ಮೇಲಿನ ಅಕ್ಷರವೆಲ್ಲ ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಟಿವಿಯ ಹಿಂದೆ ಒಂದು ಮೀಟರ್ ಜಾಗ ಬೇಕು. ಎಷ್ಟೋ ಪ್ರೊಜೆಕ್ಟರುಗಳು ಅದಕ್ಕಿಂತ ಹತ್ತಿರದಲ್ಲಿ ಫೋಕಸ್ ಆಗುವುದೇ ಇಲ್ಲ. ಅಷ್ಟು ದೂರದಲ್ಲಿ ಚಿತ್ರ ಕಿಂಡಿಗಿಂತ ದೊಡ್ಡದಾದರೆ ಲ್ಯಾಪ್‌ಟಾಪಿನಲ್ಲೇ ಕುಗ್ಗಿಸಿ, ಸುತ್ತ ಕಪ್ಪು ಬಿಡಿ. ಫೋಕಸನ್ನು ಚಪ್ಪಟೆ ಹಾಳೆಗೂ ಅಲ್ಲ, ಪೂರ್ತಿ ಉಬ್ಬಿಗೂ ಅಲ್ಲ, ಅರ್ಧ ಉಬ್ಬಿದಾಗಿನ ಹಾಳೆಗೆ ಮಾಡಿ.

ಇಲ್ಲಿ ತಾನಾಗಿ ಸಿಗುವ ಒಂದು ಲಾಭವಿದೆ. ಹಾಳೆ ಪ್ರೊಜೆಕ್ಟರಿನಿಂದ 10 ಸೆಂ.ಮೀ ದೂರ ಸರಿದಾಗ ಅದರ ಮೇಲಿನ ಚಿತ್ರವೂ ಸುಮಾರು ಹತ್ತನೇ ಒಂದು ಭಾಗ ದೊಡ್ಡದಾಗುತ್ತದೆ. ತುಟಿ ಮುಂದೆ ಬಂದಂತೆ ನಿಜವಾಗಿಯೂ ಹಿಗ್ಗುತ್ತದೆ.

ಕ್ಯಾಮೆರಾ, ಹಾಳೆ, ಪ್ರೊಜೆಕ್ಟರಿನ ಲೆನ್ಸ್ ಮೂರೂ ಒಂದೇ ನೇರಕ್ಕೆ ಬಂದರೆ ಹಾಳೆಯ ನಡುವೆ ಸೂರ್ಯನಂಥ ಬಿಳಿ ಚುಕ್ಕೆ ಉರಿಯುತ್ತದೆ. ಪ್ರೊಜೆಕ್ಟರನ್ನು ಕೆಳಗಿಟ್ಟು ಹದಿನೈದು ಇಪ್ಪತ್ತು ಡಿಗ್ರಿ ಮೇಲಕ್ಕೆ ಓರೆ ಮಾಡಿ, ಕೀಸ್ಟೋನ್‌ನಲ್ಲಿ ಆಕಾರ ಸರಿಪಡಿಸಿ. ಓರೆಯಿಂದಾಗಿ ಅಕ್ರಿಲಿಕ್ಕಿನ ಪ್ರತಿಫಲನವೂ ಲೆನ್ಸಿಗೆ ವಾಪಸ್ ಬೀಳುವುದಿಲ್ಲ.

ಹಾಳೆಯ ಮೇಲಿನ ಚಿತ್ರ ನುಣುಪಾಗಿ, ಮೊಬೈಲ್ ಚಿತ್ರದ ಹಾಗೆ ಕಂಡರೆ ಹಿಂದಿನ ಶಾಟಿನ ಟಿವಿಗೆ ಹೊಂದುವುದಿಲ್ಲ. ಪರಿಹಾರ ಸುಲಭ: ಅದೇ ವಿಡಿಯೋವನ್ನು ಮೊದಲು ಚಾಲೂ ಟಿವಿಯಲ್ಲಿ ಹಾಕಿ, ಪರದೆಯನ್ನು ಮುಂದಿನಿಂದ ನೇರವಾಗಿ ಶೂಟ್ ಮಾಡಿಕೊಳ್ಳಿ. ಆ ರೆಕಾರ್ಡಿಂಗನ್ನೇ ಪ್ರೊಜೆಕ್ಟರಿಗೆ ಕೊಡಿ. ನಿಜವಾದ ಗೆರೆ, ನಿಜವಾದ ಬಣ್ಣದ ಸೋರಿಕೆ ಎಲ್ಲ ಅದರೊಳಗೇ ಬಂದಿರುತ್ತದೆ. ಜರಡಿ ಮೇಲೆ ಜರಡಿ ಇಟ್ಟಂತಹ ಅಲೆ ಅಲೆ ವಿನ್ಯಾಸ ಕಂಡರೆ ಕ್ಯಾಮೆರಾವನ್ನು ಒಂದು ಗೇಣು ಹಿಂದೆ ಸರಿಸಿ, ಫೋಕಸ್ ಕೂದಲೆಳೆಯಷ್ಟು ಮೆತ್ತಗೆ ಮಾಡಿ.

ಲ್ಯಾಟೆಕ್ಸ್‌ಗೆ ಗಾಜಿನ ಹೊಳಪಿಲ್ಲ. ಗ್ಲಿಸರಿನ್‌ಗೆ ಅಷ್ಟೇ ನೀರು ಬೆರೆಸಿ ಸ್ಪಂಜಿನಿಂದ ತೆಳ್ಳಗೆ ಸವರಿ. ತೆಂಗಿನೆಣ್ಣೆ, ವ್ಯಾಸಲೀನ್ ಹತ್ತಿರಕ್ಕೂ ತರಬೇಡಿ, ಎಣ್ಣೆ ತಾಗಿದ ಲ್ಯಾಟೆಕ್ಸ್ ಊದಿಕೊಂಡು ಬೇಗ ಹರಿಯುತ್ತದೆ. ಮೇಕಪ್ ಹಚ್ಚಿದ ಮುಖ ತಾಗುವಾಗಲೂ ಇದೇ ಎಚ್ಚರ.

ಮುಖ ಒಳಗೆ ಹೋಗುವ ಶಾಟ್

ಇದಕ್ಕೆ ಎರಡನೇ ಹಾಳೆ ಕಟ್ಟಿ, ಎಳೆಯದೆ ತುಸು ಸಡಿಲವಾಗಿ. ಡಬ್ಬಿಯ ಗಾಳಿ ತೂತು ಪೂರ್ತಿ ತೆರೆದಿರಲಿ, ಪಂಪು ಕಳಚಿರಲಿ. ಮೂಗು, ಬಾಯಿ ಎರಡರ ಮೇಲೂ ರಬ್ಬರ್ ಮುಚ್ಚಿಕೊಳ್ಳುತ್ತದೆ ಎಂಬುದನ್ನು ನಗುನಗುತ್ತ ಮರೆಯಬೇಡಿ: ಒಂದು ಟೇಕ್ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ನಟನ ಕೈ ಬಿಡುವಾಗಿರಲಿ, ಬೆರಳು ಎತ್ತಿದರೆ ಕಟ್. ಪಕ್ಕದಲ್ಲೊಬ್ಬರು ಎಣಿಸುತ್ತ ನಿಂತಿರಲಿ. ಹಾಳೆ ಹರಿದರೆ ಪ್ರೊಜೆಕ್ಟರಿನ ಕಿರಣ ನೇರ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಮುಖ ತಾಗುವ ಮೊದಲೇ ಕಣ್ಣು ಮುಚ್ಚಿರಬೇಕು.

ಒಳಗಿನಿಂದ ಕೈ ಹೊರಬರುವ ಶಾಟ್ ಬೇಕಿದ್ದರೆ ಅಕ್ರಿಲಿಕ್ ತೆಗೆದು ಡಬ್ಬಿಯ ಕೆಳಗಿನಿಂದ ತೋಳು ತೂರಿಸಬೇಕಾಗುತ್ತದೆ. ಆಗ ತೋಳು ಪ್ರೊಜೆಕ್ಟರಿನ ದಾರಿಗೆ ಅಡ್ಡ ಬಂದು ಕಪ್ಪು ನೆರಳು ಬೀಳುತ್ತದೆ. ವಿಡಿಯೋದ ಕೆಳಗಿನ ಮೂರನೇ ಒಂದು ಭಾಗ ಮೊದಲೇ ಕತ್ತಲಾಗಿರುವಂತೆ ತಯಾರಿಸಿದರೆ ನೆರಳು ಅದರಲ್ಲೇ ಕರಗಿಹೋಗುತ್ತದೆ.

ಮುಖದ ಮೇಲಿನ ಬೆಳಕಿಗೆ ಹಾಳೆಯ ಹೊಳಪೊಂದೇ ಸಾಲದಿದ್ದರೆ ಟಿವಿಯ ಕೆಳಗೆ ಫ್ರೇಮಿನ ಹೊರಗೆ ಸಣ್ಣ ಎಲ್‌ಇಡಿ ಪ್ಯಾನೆಲ್ ಇಟ್ಟು, ಮುಂದೆ ರಟ್ಟು ಆಡಿಸಿ. ಪಟಪಟ ಮಿನುಗಿಸಬೇಡಿ. ಟಿವಿಯ ಬೆಳಕು ಬದಲಾಗುವುದು ಅದರಲ್ಲಿ ದೃಶ್ಯ ಬದಲಾದಾಗ, ಎರಡು ಮೂರು ಸೆಕೆಂಡಿಗೊಮ್ಮೆ. ವೇಗದ ಮಿನುಗಿಗೆ ಇನ್ನೂ ದೊಡ್ಡ ತೊಂದರೆಯಿದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಹನ್ನೆರಡು ಸಲದಂತೆ ಮಿನುಗಿದಾಗ ನೂರಾರು ಮಕ್ಕಳನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ನಿಮ್ಮ ಚಿತ್ರದಲ್ಲಿ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚು ಬೇಡ, ಅದರಲ್ಲೂ ಕಡುಗೆಂಪು ಬೇಡ.

ಶಬ್ದ

ಚಾಲೂ ಟಿವಿ 15,625 ಹರ್ಟ್ಸ್‌ನಲ್ಲಿ ಸಣ್ಣಗೆ ಕೀರಲು ಹಾಕುತ್ತದೆ. ವಯಸ್ಸಾದವರ ಕಿವಿಗೆ ಕೇಳದೆ ಹೋಗಬಹುದು, ಮೈಕ್ ಮಾತ್ರ ತಪ್ಪದೆ ಹಿಡಿಯುತ್ತದೆ. ಸಂಭಾಷಣೆಯ ಟ್ರ್ಯಾಕಿನಿಂದ ಅದನ್ನು ಒಂದೇ ಸ್ವರವನ್ನು ಅಳಿಸುವ ನಾಚ್ ಫಿಲ್ಟರಿನಲ್ಲಿ ತೆಗೆಯಿರಿ, ಆದರೆ ಬೇರೆಯಾಗಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಟಿವಿ ಆನ್ ಮಾಡಿದಾಗಿನ 'ಧುಮ್', ಆಫ್ ಮಾಡಿ ಗಾಜಿನ ಮೇಲೆ ಅಂಗೈ ಸವರಿದಾಗಿನ ಚಟಚಟ, ಇವನ್ನೂ ಹತ್ತಿರದಿಂದ ಹಿಡಿಯಿರಿ. ಪರದೆ ಉಬ್ಬುವಾಗ ಕೀರಲು ಮೆಲ್ಲಗೆ ಏರಿ, ಮುಖ ತಾಗಿದ ಗಳಿಗೆಯಲ್ಲಿ ಪೂರ್ತಿ ನಿಂತು, ಉಳಿದದ್ದು ಒಂದು ಉಸಿರು ಮಾತ್ರ ಆಗಲಿ.

ಶೂಟಿಂಗ್ ಮುಗಿದ ಕೂಡಲೇ ಹಾಳೆ ಬಿಚ್ಚಿ, ಬರೀ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಎರಡೂ ಬದಿಗೆ ಟಾಲ್ಕಂ ಪೌಡರ್ ಹಾಕಿ ಕಪ್ಪು ಕವರಿನಲ್ಲಿ ಸುತ್ತಿಡಿ. ಬಿಸಿಲು ಬಿದ್ದ ಕಿಟಕಿ ಪಕ್ಕ ಎರಡು ವಾರ ಬಿಟ್ಟರೆ ಹಳದಿಯಾಗಿ, ಅಂಟಂಟಾಗಿ, ಮರುಶೂಟಿಗೆ ಬೇಕಾದ ದಿನ ಬೆರಳಿಟ್ಟಲ್ಲೇ ಹರಿಯುತ್ತದೆ.